ಕೂಸು ಹುಟ್ಟೋ ಮುಂಚೆ ಕುಲಾವಿ

"ರಾಕೆಟ್ ಇನ್ನೂ ನೆಲದ ಮೇಲೇ ನಿಂತಿದೆ, ಆಗಲೇ ಉಪಗ್ರಹದ ಕಕ್ಷೆ ಬರೆದಿಟ್ಟಿದ್ದೀಯಲ್ಲ! ಕೂಸು ಹುಟ್ಟೋ ಮುಂಚೆ ಕುಲಾವಿ," ಅಂದ ಸೀನ.

"ಕುಲಾವಿ ಅಲ್ಲ ಕಣೋ, ಜಾತಕ," ಅಂದಳು ಗಿರಿಜಾ. "ಉಪಗ್ರಹ ರಾಕೆಟ್‌ನಿಂದ ಕಳಚಿಕೊಳ್ಳೋ ಕ್ಷಣದಲ್ಲಿ ಎಲ್ಲಿರುತ್ತೆ, ಯಾವ ಕಡೆಗೆ ಎಷ್ಟು ವೇಗ ಅಂತ ರಾಕೆಟ್‌ನೋರು ಕೊಡ್ತಾರೆ. ಅದರಿಂದ ಟಿಎಲ್‌ಇ, ಅಂದ್ರೆ ಕಕ್ಷೆಯ ಅಂಕಿಗಳ ಪಟ್ಟಿ. ಎರಡು ಸಾಲು, ಸಾಲಿಗೆ 69 ಅಕ್ಷರ."

"ಮುಹೂರ್ತ 20 ನಿಮಿಷ ತಪ್ಪಿದ್ರೆ?"

"ರಾಕೆಟ್ ದಾರಿ ಅದೇ ಆದ್ರೆ ಜಾತಕ ಹರೀಬೇಕಿಲ್ಲ. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತೆ. ಆರೋಹಣ ಬಿಂದು, ಅಂದ್ರೆ ಉಪಗ್ರಹ ಸಮಭಾಜಕವನ್ನ ದಕ್ಷಿಣದಿಂದ ಉತ್ತರಕ್ಕೆ ದಾಟೋ ಜಾಗ, ಅದಕ್ಕೆ 5 ಡಿಗ್ರಿ ಕೂಡಿಸು. ಎಪಕ್, ಅಂದ್ರೆ ಈ ಅಂಕಿಗಳು ಯಾವ ಹೊತ್ತಿನವೋ ಆ ಸಮಯ, ಅದನ್ನ 20 ನಿಮಿಷ ಮುಂದಕ್ಕೆ ಹಾಕು. ಮಿಕ್ಕಿದ್ದು ಮುಟ್ಟಬೇಡ."

ರಾಜಣ್ಣ ಲೋಟ ಕೆಳಗಿಟ್ಟರು. "ಆ ವೇಗ ಭೂಮಿ ಜೊತೆ ತಿರುಗೋ ಅಕ್ಷಗಳಲ್ಲಿ ಕೊಟ್ಟಿದ್ದೋ ಅಲ್ವೋ, ಮೊದಲು ಅದನ್ನ ಕೇಳ್ರಪ್ಪಾ. ಹೌದಾದ್ರೆ, 500 ಕಿ.ಮೀ. ಎತ್ತರದಲ್ಲಿ ಸಮಭಾಜಕದ ಮೇಲೆ ಪೂರ್ವಕ್ಕೆ ಸೆಕೆಂಡಿಗೆ ಅರ್ಧ ಕಿ.ಮೀ. ಸೇರಿಸಬೇಕು. ಮರೆತ್ರೆ ಕಕ್ಷೆಯ ಓರೆನೇ ಬೇರೆ. ಇನ್ನು ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಅದರ ಜಾಗದಲ್ಲಿ ನಮ್ಮ ಗಡಿಯಾರದ ಟೈಮು ಬರೆದೋರಿಗೆ ದೇವರೇ ದಿಕ್ಕು."

"ಅಷ್ಟೇ ತಾನೆ? ಅಂಕಿ ತುಂಬಿದ್ರಾಯ್ತು."

"ಅಲ್ಲೇ ಎಲ್ಲರೂ ಬೀಳೋದು," ಅಂದಳು ಗಿರಿಜಾ. "ಭೂಮಿ ಸೊಂಟ ದಪ್ಪ. ಅದಕ್ಕೇ ಕಕ್ಷೆಯ ಅರೆ-ಅಕ್ಷ, ಅಂದ್ರೆ ಅದರ ಉದ್ದದ ಅರ್ಧ, ಪ್ರತಿ ಸುತ್ತಲ್ಲೂ ಕೆಲವು ಕಿ.ಮೀ. ಹಿಗ್ಗಿ ಕುಗ್ಗುತ್ತೆ. ಟಿಎಲ್‌ಇಗೆ ಬೇಕಾದ್ದು ಆ ಕುಣಿತ ತೆಗೆದ ಸರಾಸರಿ. ಟಿಎಲ್‌ಇಯಿಂದ ಉಪಗ್ರಹದ ಜಾಗ ಲೆಕ್ಕ ಹಾಕೋ ಎಸ್‌ಜಿಪಿ4 ಸೂತ್ರ ಆ ಕುಣಿತ ಆಮೇಲೆ ತಾನೇ ಸೇರಿಸುತ್ತೆ. ಆ ಕ್ಷಣದ ಅಂಕಿನೇ ತುಂಬಿದ್ರೆ ಸಾರಿಗೆ ಎರಡು ಸಲ ಉಪ್ಪು. ಅರೆ-ಅಕ್ಷ 5 ಕಿ.ಮೀ. ತಪ್ಪಿದ್ರೂ ಒಂದೊಂದು ಸುತ್ತಿಗೂ ಉಪಗ್ರಹದ ಜಾಗ 47 ಕಿ.ಮೀ. ತಪ್ಪುತ್ತೆ, ಅಂದ್ರೆ 6 ಸೆಕೆಂಡ್. ದಿನಕ್ಕೆ 15 ಸುತ್ತು."

"ಒಂದೂವರೆ ನಿಮಿಷ! ಪರಿಹಾರ? ಶಾಂತಿ ಹೋಮ?"

"ಅಂದಾಜು ಅಂಕಿ ಹಾಕಿ ಎಸ್‌ಜಿಪಿ4 ಓಡಿಸು. ಬಂದ ಸ್ಥಾನ-ವೇಗ ಅವರು ಕೊಟ್ಟಿದ್ದಕ್ಕೆ ಹೋಲಿಸು, ತಿದ್ದು, ಮತ್ತೆ ಓಡಿಸು. ವ್ಯತ್ಯಾಸ ಮೀಟರಿಗೆ ಇಳಿಯೋವರೆಗೂ ಬಿಡಬೇಡ."

"ಉಪಗ್ರಹವನ್ನ ಹೊರಕ್ಕೆ ತಳ್ಳೋ ಪೆಟ್ಟಿಗೆಯ ಸ್ಪ್ರಿಂಗ್ ಮರೀಬೇಡಿ," ಅಂದರು ರಾಜಣ್ಣ. "ಸೆಕೆಂಡಿಗೆ 1 ಮೀಟರಿನಷ್ಟು ಮುಂದಕ್ಕೆ ತಳ್ಳಿದ್ರೆ ಅರೆ-ಅಕ್ಷ 1.8 ಕಿ.ಮೀ. ಹೆಚ್ಚುತ್ತೆ. ದಿನಕ್ಕೆ ಅರ್ಧ ನಿಮಿಷ ತಡ."

"ಮುಂದಕ್ಕೆ ತಳ್ಳಿದ್ರೆ ತಡ?"

"ದೊಡ್ಡ ಸುತ್ತು, ನಿಧಾನ ನಡಿಗೆ. ನಮ್ಮ ಕಡೆ ಮದುವೆ ದಿಬ್ಬಣ ನೋಡಿಲ್ವಾ?"

"ಸರಿ, ಜಾತಕ ಕೂಡಿಬಂತೋ ಇಲ್ವೋ ಹೇಗೆ ಗೊತ್ತಾಗೋದು?"

"ಮೊದಲ ಸಲ ತಲೆ ಮೇಲೆ ಹಾದಾಗ ಕಿರಿದಾದ ನೋಟದ ಆಂಟೆನಾ ಹಿಡೀಬೇಡ, ಅಗಲ ನೋಟದ್ದು ಹಿಡಿ," ಅಂದಳು ಗಿರಿಜಾ. "437 ಮೆಗಾಹರ್ಟ್ಸ್‌ನಲ್ಲಿ ಸದ್ದು ಸುಮಾರು 10 ಕಿಲೋಹರ್ಟ್ಸ್ ಮೇಲಿಂದ ಶುರುವಾಗಿ ಅಷ್ಟೇ ಕೆಳಗಿಳಿಯುತ್ತೆ. ಅಸಲಿ ಆವರ್ತನ ದಾಟೋ ಕ್ಷಣ ಗುರುತು ಹಾಕ್ಕೋ, ಅದು ನಮಗೆ ಅತಿ ಹತ್ತಿರ ಬಂದ ಕ್ಷಣ. ಲೆಕ್ಕಕ್ಕಿಂತ 8 ಸೆಕೆಂಡ್ ಮೊದಲೇ ಬಂತಾ? ಮೀನ್ ಅನಾಮಲಿ, ಅಂದ್ರೆ ಉಪಗ್ರಹ ತನ್ನ ಸುತ್ತಿನಲ್ಲಿ ಎಷ್ಟು ದೂರ ಬಂದಿದೆ ಅನ್ನೋ ಕೋನ, ಅದಕ್ಕೆ ಅರ್ಧ ಡಿಗ್ರಿ ಕೂಡಿಸು."

"ಸದ್ದೇ ಬರದಿದ್ರೆ?"

"ಆಂಟೆನಾ ಕೇಬಲ್ ಸಿಗಿಸಿದ್ಯಾ ನೋಡು," ಅಂದರು ರಾಜಣ್ಣ.