ಕಾರವಾರದಲ್ಲಿ ಕೆಲಸ, ಮಗಳಿಗೆ ಉಬ್ಬಸ: ಮನೆ ಎಲ್ಲಿ ಮಾಡಲಿ?

ಕೇಳಿದವರು: ಜೂನ್‌ಗೆ ಕಾರವಾರಕ್ಕೆ ವರ್ಗ ಆಗಿದೆ. ಮಗಳಿಗೆ 7 ವರ್ಷ, ಉಬ್ಬಸ ಇದೆ. ಕಾರವಾರದಲ್ಲೇ ಬಾಡಿಗೆ ಮನೆ ಹಿಡಿಯಲೋ, ಅಂಕೋಲಾದಲ್ಲಿ ಅಕ್ಕನ ಮನೆ ಹತ್ತಿರ ಇದ್ದು ದಿನಾ 35 ಕಿ.ಮೀ. ಓಡಾಡಲೋ? ಯಾವ ಕಾಲದಲ್ಲಿ ಎಲ್ಲಿ ಗಾಳಿ ಹೇಗಿರುತ್ತದೆ, ಅನುಭವ ಇದ್ದವರು ಹೇಳಿ.

ಅಂಕೋಲಾ, ಹೆದ್ದಾರಿ ಬದಿ: ನಾನು ಹೆದ್ದಾರಿಯಿಂದ 40 ಮೀಟರ್ ಒಳಗೆ ಮನೆ ಕಟ್ಟಿಸಿದವನು. ಬಸ್ಸಿಗೆ ಹತ್ತಿರ ಅಂತ ಹೆಮ್ಮೆ ಬೇರೆ. ಗೃಹಪ್ರವೇಶ ಆಗಿ ವರ್ಷ ತುಂಬಲಿಲ್ಲ, ನಾಲ್ಕು ಪಥದ ಕೆಲಸ ಮನೆ ಮುಂದೆ ಬಂತು. ಕೆಂಪು ಧೂಳು ಅಕ್ಕಿ ಡಬ್ಬದೊಳಗೂ ಕೂತಿತು. ಕಿಟಕಿಗೆ ಜಾರುವ ಗಾಜು 62,000. ಜಾಲರಿ 9,500. ಏರ್ ಪ್ಯೂರಿಫೈಯರ್ 14,000. ಅದರ ಫಿಲ್ಟರ್ 3,200, ವರ್ಷ ಬರುತ್ತದೆ ಅಂದಿದ್ದರು, ನಾಲ್ಕೇ ತಿಂಗಳಿಗೆ ಇಟ್ಟಿಗೆ ಬಣ್ಣ ಆಯಿತು. ಈಗ ಧೂಳು ಕಡಿಮೆ, ಲಾರಿ ಹೊಗೆ ಜಾಸ್ತಿ. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದವರೆಲ್ಲ ಇಲ್ಲೇ ಬಂದು ರಾಷ್ಟ್ರೀಯ ಹೆದ್ದಾರಿ 66ಕ್ಕೆ ಸೇರುವುದಲ್ವಾ.

ಬೇಲೆಕೇರಿ ಕಡೆಯವ: ಇದನ್ನೇ ಧೂಳು ಅಂತೀರಾ? ನಮ್ಮ ಬಂದರಿಗೆ ಕಬ್ಬಿಣದ ಅದಿರು ಲಾರಿ ಓಡುತ್ತಿದ್ದ ಕಾಲ ನೀವು ನೋಡಿಲ್ಲ. 2010ರಲ್ಲಿ ಸರ್ಕಾರ ರಫ್ತು ನಿಲ್ಲಿಸುವವರೆಗೆ ನಮ್ಮ ತೆಂಗಿನ ಗರಿಯೂ ಕೆಂಪು. ಒಗೆದ ಬಿಳಿ ಲುಂಗಿ ಒಣಗುವಷ್ಟರಲ್ಲಿ ಕಾವಿ. ಆಗ ಯಾರೂ ಪ್ಯೂರಿಫೈಯರ್ ತರಲಿಲ್ಲ.

ಅಂಕೋಲಾ, ಹೆದ್ದಾರಿ ಬದಿ: ತರಲಿಲ್ಲ, ಕೆಮ್ಮಿದಿರಿ. ಅದರಲ್ಲಿ ಹೆಚ್ಚುಗಾರಿಕೆ ಏನು?

ಶಿರಸಿ: ನಾವು ಮಗನ ಉಬ್ಬಸಕ್ಕೇ ಕುಮಟಾ ಬಿಟ್ಟು ಘಟ್ಟ ಹತ್ತಿದವರು. 590 ಮೀಟರ್ ಎತ್ತರ, ಸುತ್ತ ಕಾಡು, ಗಾಳಿ ಕೇಳಬೇಕಾ! ಜನವರಿಯಿಂದ ಮೇವರೆಗೆ ಇನ್ಹೇಲರ್ ಮುಟ್ಟಿರಲಿಲ್ಲ. ಜುಲೈ ಬಂತು ನೋಡಿ. ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಬೀರುವಿನೊಳಗಿನ ರೇಷ್ಮೆ ಸೀರೆಗೂ ಬೂಷ್ಟು. ಮಗನಿಗೆ ರಾತ್ರಿ ಎರಡು ಗಂಟೆಗೆ ನೆಬ್ಯುಲೈಸರ್. ಮಳೆ ಹೊರಗಿನ ಗಾಳಿ ತೊಳೆಯುತ್ತದೆ, ನಿಜ. ನಾವು ಉಸಿರಾಡುವುದು ಬಾಗಿಲು ಹಾಕಿಕೊಂಡ ಒಳಗಿನ ಗಾಳಿ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ 21,500 ಕೊಟ್ಟು ತಂದೆ. ದಿನಕ್ಕೆ ಎರಡು ಕೊಡ ನೀರು ಹಿಡಿಯಿತು. ಕರೆಂಟು ಬಿಲ್ಲು 700 ಇದ್ದದ್ದು 1,900. ಆದರೂ ಮೇಲೆ ಬಂದದ್ದಕ್ಕೆ ಬೇಜಾರಿಲ್ಲ.

ಕುಮಟಾದಲ್ಲೇ ಉಳಿದವಳು: ಅವರು ಕೇಳಿದ್ದು ಕಾರವಾರದ ಕೆಲಸ. ಶಿರಸಿಯಿಂದ ದಿನಾ ದೇವಿಮನೆ ಘಟ್ಟ ಇಳಿದು ಹೋಗಬೇಕಾ? ಮತ್ತೆ ನಿಮ್ಮ ಅಡಿಕೆ ಕೊಯ್ಲು ಯಾಕೆ ಬಿಟ್ಟಿರಿ? ಡಿಸೆಂಬರ್‌ನಲ್ಲಿ ತವರಿಗೆ ಬಂದರೆ ಮನೆ ಮನೆಯಲ್ಲೂ ಹಂಡೆ ಇಟ್ಟು ಅಡಿಕೆ ಬೇಯಿಸುವ ಹೊಗೆ. ಜೊತೆಗೆ ಬಚ್ಚಲ ಒಲೆ. ಅಂಗಳದಲ್ಲಿ ದರಕು, ಅಂದರೆ ಒಣ ಎಲೆ, ಸುಡುವುದು ಬೇರೆ. ಬೆಳಿಗ್ಗೆ ಆ ಹೊಗೆ ಮಂಜಿನ ಜೊತೆ ತೋಟದ ತಗ್ಗಿನಲ್ಲೇ ಮಲಗಿರುತ್ತದೆ.

ಶಿರಸಿ: ನಾವು ಹಣ್ಣಡಿಕೆ ಒಣಗಿಸಿ ಚಾಲಿ ಮಾಡುವವರು, ಬೇಯಿಸುವುದಿಲ್ಲ. ಒಣಮೀನಿನ ವಾಸನೆಗಿಂತ ಒಲೆ ಹೊಗೆ ವಾಸಿ.

ಕುಮಟಾದಲ್ಲೇ ಉಳಿದವಳು: ಆರು ವರ್ಷದ ಹಿಂದೆ ಅದೇ ವಾಸನೆಯ ಊರಲ್ಲಿ ಉಂಡು ಮಲಗಿದ್ದವರು ನೀವೇ ಅಲ್ವಾ? ವಾಸನೆ ಬಂದರೆ ಗಾಳಿ ಕೆಟ್ಟಿದೆ ಅಂತಲ್ಲ. ನೋಡಬೇಕಾದ್ದು ಪಿಎಂ 2.5, ಮೂಗಿಗೆ ಸಿಗದ ಸಣ್ಣ ಕಣ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಒಲೆ ಹೊಗೆಯಲ್ಲಿ ಅದೇ ತುಂಬಿರುತ್ತದೆ.

ಕಾರವಾರ, ನಿವೃತ್ತ ಮೇಷ್ಟ್ರು: ಜಗಳ ಆಮೇಲೆ ಆಡಿ. ನಮ್ಮಲ್ಲಿ ಗುಡ್ಡ ಸಮುದ್ರದ ತನಕ ಬಂದು ನಿಂತಿದೆ, ನಡುವೆ ಸಿಕ್ಕಿದ ಜಾಗದಲ್ಲಿ ಊರು. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಕಡಲ ಗಾಳಿ ಒಳಗೆ ನುಗ್ಗಿ ಎಲ್ಲ ಗುಡಿಸುತ್ತದೆ. ರಾತ್ರಿ ತಿರುಗುಮುರುಗು. ಗುಡ್ಡದ ತಂಪು ಗಾಳಿ ಮೆಲ್ಲಗೆ ಕೆಳಗಿಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ನೆಲದ ಹತ್ತಿರ ತಂಪು, ಮೇಲೆ ಬೆಚ್ಚಗೆ. ಮುಚ್ಚಳ ಹಾಕಿದ ಹಾಗೆ. ಹೊಗೆ ಮೇಲೇಳುವುದಿಲ್ಲ. ಆ ಎರಡು ತಿಂಗಳು ನನ್ನ ವಾಕಿಂಗ್ ಬೆಳಿಗ್ಗೆ ಇಲ್ಲ, ಸಂಜೆ ನಾಲ್ಕೂವರೆಗೆ ಟ್ಯಾಗೋರ್ ಬೀಚ್. ಇದು ಗೊತ್ತಾಗುವ ಮುಂಚೆ ಮೂರು ಚಳಿಗಾಲ ನಸುಕಿಗೇ ಎದ್ದು ಹೋಗಿ ಕೆಮ್ಮು ತಂದುಕೊಂಡೆ. ಎಕ್ಸ್‌ರೇ, ರಕ್ತ, ಕಫ, ಒಟ್ಟು 11,400 ರೂಪಾಯಿ. ಕೊನೆಗೆ ಡಾಕ್ಟರು ಕೇಳಿದ್ದು ಒಂದೇ, "ಎಷ್ಟು ಗಂಟೆಗೆ ಹೋಗ್ತೀರಿ?"

ಕದ್ರಾ ಕಡೆಯಿಂದ: ಮೇಷ್ಟ್ರೇ, ನಿಮಗೆ ಕಡಲಾದರೂ ಇದೆ. ನಾವು ಕಾಳಿ ಕಣಿವೆಯೊಳಗೆ. ಜನವರಿಯಲ್ಲಿ ಒಂಬತ್ತು ಗಂಟೆಗೂ ಮಂಜು ಬಿಡುವುದಿಲ್ಲ, ಒಂದು ಮನೆಯವರು ಕಸ ಸುಟ್ಟರೆ ಇಡೀ ಕೇರಿಗೆ ನಾಷ್ಟಾ. ಅಣುಸ್ಥಾವರ ಇದೆಯಲ್ಲ, ಗಾಳಿ ಹೇಗೆ ಅಂತ ನೆಂಟರೆಲ್ಲ ಕೇಳುತ್ತಾರೆ. ನನ್ನ ಹೆಂಡತಿಗೆ ದಮ್ಮು ಬಂದದ್ದು ಪಕ್ಕದ ಮನೆಯ ಪ್ಲಾಸ್ಟಿಕ್ ಹೊಗೆಗೆ. ಹೇಳಲು ಹೋಗಿ ಎರಡು ವರ್ಷದಿಂದ ಮಾತಿಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಕ್ಕನ ಮನೆ ಹೆದ್ದಾರಿಯಿಂದ ಒಂದೂವರೆ ಕಿ.ಮೀ. ಸಮುದ್ರದ ಕಡೆಗಿದೆ. ಅದು ಪರವಾಗಿಲ್ವಾ?

ಬೇಲೆಕೇರಿ ಕಡೆಯವ: ಹೆಚ್ಚುಗಾರಿಕೆ ಅಂದಿರಲ್ಲ, ನಮ್ಮಪ್ಪ ಆ ಕೆಮ್ಮಿನಲ್ಲೇ ಹೋದವರು. ಸುಮ್ನೆ ಮಾತಾಡಬೇಡಿ.

ಅಂಕೋಲಾ, ಹೆದ್ದಾರಿ ಬದಿ: ಗೊತ್ತಿರಲಿಲ್ಲ. ತಪ್ಪಾಯಿತು.

ಶಿರಸಿ: ಕೇಳಿದವರಿಗೆ: ನನ್ನ ಡಿಹ್ಯೂಮಿಡಿಫೈಯರ್ ಕೊಡುವುದಿದೆ. ಎರಡೇ ಮಳೆಗಾಲ ಓಡಿದ್ದು. 12,000.

ಕುಮಟಾದಲ್ಲೇ ಉಳಿದವಳು: ಘಟ್ಟದ ಗಾಳಿ ಅಷ್ಟು ಚೆನ್ನಾಗಿದ್ದರೆ ಬೂಷ್ಟು ಹೋಯಿತೋ?

ಶಿರಸಿ: ಮಗ ಹಾಸ್ಟೆಲ್‌ಗೆ ಹೋದ.