ಒಂದು ಕ್ಲಿಕ್, ಮೂರು ಬುಕಿಂಗ್: ಕೊಡಗು ವೆಬ್ ಗುಂಪಿನ ಜಾವಾಸ್ಕ್ರಿಪ್ಟ್ ಪ್ರಶ್ನೋತ್ತರ

ವಿರಾಜಪೇಟೆ ಹೋಂಸ್ಟೇ: ನಮಸ್ತೆ ಅಕ್ಕ. ನಮ್ಮ ಪುಟದಲ್ಲಿ ‘ಬುಕ್ ಮಾಡಿ’ ಬಟನ್ ಒಂದು ಸಲ ಒತ್ತಿದರೂ ಕೆಲವೊಮ್ಮೆ ಎರಡು ಮೂರು ಬುಕಿಂಗ್ ಆಗುತ್ತದೆ. ಯಾವಾಗಲೂ ಅಲ್ಲ. ಕೋಡ್ ಎಲ್ಲಾ ಒಂದೇ ಫೈಲಿನಲ್ಲಿದೆ.

ಮಡಿಕೇರಿ ಡೆವಲಪರ್: ರೂಮಿನ ಫಿಲ್ಟರ್ ಬದಲಿಸಿ ಆಮೇಲೆ ಒತ್ತಿದಾಗ ಮಾತ್ರ ಹೀಗಾಗುತ್ತಾ?

ವಿರಾಜಪೇಟೆ ಹೋಂಸ್ಟೇ: ಹೌದಕ್ಕ, ಹಾಗೇ!

ಸೋಮವಾರಪೇಟೆ: ಮೇಡಂ, ಕೋಡನ್ನು ಬೇರೆ ಬೇರೆ ಫೈಲಿಗೆ ಹಂಚಲು ಸ್ಕ್ರಿಪ್ಟ್‌ಗೆ ಟೈಪ್ ಮಾಡ್ಯೂಲ್ ಅಂತ ಹಾಕಿದ ಮೇಲೆ, ಬಟನ್ ಟ್ಯಾಗಿನಲ್ಲಿ ಬರೆದ ಆನ್‌ಕ್ಲಿಕ್ ಯಾವುದೂ ನಡೆಯುತ್ತಿಲ್ಲ.

ಮಡಿಕೇರಿ ಡೆವಲಪರ್: ಮಾಡ್ಯೂಲ್ ಒಳಗಿನ ಫಂಕ್ಷನ್ ಎಚ್‌ಟಿಎಂಎಲ್‌ನ ಆನ್‌ಕ್ಲಿಕ್‌ಗೆ ಕಾಣುವುದಿಲ್ಲ. ಆನ್‌ಕ್ಲಿಕ್ ತೆಗೆದು, ಮಾಡ್ಯೂಲಿನಲ್ಲೇ ಆಡ್‌ಈವೆಂಟ್‌ಲಿಸನರ್ ಬರೆಯಿರಿ. ಕ್ಲಿಕ್ ಆದಾಗ ಓಡಬೇಕು ಅಂತ ಬಟನ್‌ಗೆ ಕಟ್ಟುವ ಫಂಕ್ಷನ್ನೇ ಲಿಸನರ್.

ವಿರಾಜಪೇಟೆಯವರೇ, ನಿಮ್ಮದು ದುಡ್ಡಿನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ. ಫಿಲ್ಟರ್ ಬದಲಾದಾಗ ರೂಮಿನ ಪಟ್ಟಿಯನ್ನು ಇನ್ನರ್‌ಎಚ್‌ಟಿಎಂಎಲ್‌ನಿಂದ ಹೊಸದಾಗಿ ಬರೆದು, ಲಿಸನರ್ ಹಾಕುವ ಫಂಕ್ಷನ್ನನ್ನು ಪ್ರತಿ ಸಲ ಕರೆಯುತ್ತಿದ್ದೀರಿ ಅನ್ನಿಸುತ್ತದೆ. ಪಟ್ಟಿಯೊಳಗಿನ ಕಾರ್ಡುಗಳು ಹೊಸವು, ಅವಕ್ಕೆ ತೊಂದರೆಯಿಲ್ಲ. ಬುಕ್ ಬಟನ್ ಪಟ್ಟಿಯ ಹೊರಗಿದೆ, ಹಳೆಯದೇ ಉಳಿಯುತ್ತದೆ. ಅದರ ಮೇಲೆ ಲಿಸನರ್ ಮೇಲೆ ಲಿಸನರ್ ಕೂರುತ್ತದೆ. ಅದೇ ಫಂಕ್ಷನ್ನನ್ನು ಎರಡನೇ ಸಲ ಕೊಟ್ಟರೆ ಬ್ರೌಸರ್ ಸುಮ್ನೆ ಬಿಟ್ಟುಬಿಡುತ್ತದೆ. ನೀವು ಪ್ರತಿ ಸಲ ಹೊಸ ಆರೋ ಫಂಕ್ಷನ್ (ಅಲ್ಲೇ ಬರೆಯುವ ಹೆಸರಿಲ್ಲದ ಫಂಕ್ಷನ್) ಬರೆದು ಕೊಟ್ಟರೆ ಬ್ರೌಸರ್‌ಗೆ ಎಲ್ಲವೂ ಬೇರೆ ಬೇರೆಯೇ.

ಶುರುವಿನಲ್ಲಿ ಒಂದೇ ಸಲ ನಡೆಯುವ ಕೆಲಸವನ್ನೂ ಮತ್ತೆ ಮತ್ತೆ ಚಿತ್ರಿಸುವ ಕೆಲಸವನ್ನೂ ಬೇರೆ ಫಂಕ್ಷನ್ ಮಾಡಿ. ಕಾರ್ಡುಗಳಿಗೆ ಒಂದೊಂದಾಗಿ ಲಿಸನರ್ ಬೇಡ. ಪಟ್ಟಿಯನ್ನು ಸುತ್ತುವರಿದ ಹೊರ ಡಿವ್‌ಗೆ ಒಂದೇ ಲಿಸನರ್ ಹಾಕಿ, ಕ್ಲಿಕ್ ಅಲ್ಲಿಗೆ ಮೇಲೇರಿ ಬರುತ್ತದೆ. ಯಾವ ಕಾರ್ಡ್ ಅಂತ ಈವೆಂಟ್ ಟಾರ್ಗೆಟ್‌ನ (ಒತ್ತಿದ ಜಾಗದ) ಕ್ಲೋಸೆಸ್ಟ್‌ನಿಂದ ಹುಡುಕಿ, ಅದು ಅಲ್ಲಿಂದ ಹೊರಗೆ ಹೋಗುತ್ತಾ ಹತ್ತಿರದ ಕಾರ್ಡ್ ಕೊಡುತ್ತದೆ. ರೂಮಿನ ನಂಬರ್ ಕಾರ್ಡಿನ ಟ್ಯಾಗಿನಲ್ಲೇ ಡೇಟಾ ಅಟ್ರಿಬ್ಯೂಟಾಗಿ ಇರಲಿ. ಫಿಲ್ಟರ್, ಕ್ಯಾಲೆಂಡರ್, ಬುಕಿಂಗ್ ಮೂರಕ್ಕೂ ಮೂರು ಫೈಲ್ ಮಾಡಿದರೆ ಮುಂದಿನ ಸಲ ಹುಡುಕುವುದು ಸುಲಭ. ಇದೆಲ್ಲ ಆದರೂ ಒಂದೇ ರೂಮಿಗೆ ಎರಡು ಬುಕಿಂಗ್ ತಡೆಯುವುದು ಸರ್ವರ್ ಕೆಲಸ. ಅಲ್ಲಿ ಚೆಕ್ ಇದೆಯಾ?

ಸುಂಟಿಕೊಪ್ಪ: ಫೋಟೋ ಸ್ಲೈಡರ್ ಮೊಬೈಲಿನಲ್ಲಿ ಬೆರಳಿಂದ ಸರಿಯುತ್ತಿಲ್ಲ. ಏನು ಮಾಡಲಿ?

ಕುಶಾಲನಗರ: ಫಾರ್ವರ್ಡ್ ಬಂದಿದೆ ನೋಡಿ. ‘ಬಟನ್ ಕೆಲಸ ಮಾಡದಿದ್ದರೆ ಕೋಡನ್ನೆಲ್ಲ ಸೆಟ್‌ಟೈಮ್‌ಔಟ್ ಒಳಗೆ ಹಾಕಿ 3000 ಕೊಡಿ, 100% ಗ್ಯಾರಂಟಿ.’

ಮಡಿಕೇರಿ ಡೆವಲಪರ್: ದಯವಿಟ್ಟು ಮಾಡಬೇಡಿ. ಸೆಟ್‌ಟೈಮ್‌ಔಟ್ ಕೋಡನ್ನು ತಡವಾಗಿ ಓಡಿಸುತ್ತದೆ ಅಷ್ಟೇ, 3000 ಅಂದರೆ 3000 ಮಿಲಿಸೆಕೆಂಡ್, 3 ಸೆಕೆಂಡ್. ಒಳ್ಳೆಯ ನೆಟ್ ಇದ್ದವರಿಗೆ ಅಷ್ಟು ಹೊತ್ತು ಬಟನ್ ಸತ್ತಂತೆ. ಮಳೆಗಾಲದಲ್ಲಿ ಭಾಗಮಂಡಲದ ಕಡೆಯ ನೆಟ್‌ಗೆ 3 ಸೆಕೆಂಡಿನಲ್ಲಿ ಪುಟವೇ ಬಂದಿರುವುದಿಲ್ಲ. ಸ್ಕ್ರಿಪ್ಟ್ ಟ್ಯಾಗಿಗೆ ಡಿಫರ್ ಹಾಕಿ, ಎಚ್‌ಟಿಎಂಎಲ್ ಓದಿ ಮುಗಿದ ಮೇಲೆ ಓಡುತ್ತದೆ. ಗ್ಯಾರಂಟಿ ಕೊಟ್ಟವರು ರಾತ್ರಿ ನಿಮ್ಮ ಫೋನ್ ಎತ್ತುತ್ತಾರಾ?

ಕುಶಾಲನಗರ: ಬಂದದ್ದನ್ನು ಹಾಕಿದೆ ಅಷ್ಟೇ ಮೇಡಂ.

ಗೋಣಿಕೊಪ್ಪ: ರಿಯಾಕ್ಟ್ ಲೈಬ್ರರಿ ಬಳಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಕುಶಾಲನಗರ: ನಾಲ್ಕು ರೂಮಿನ ಹೋಂಸ್ಟೇಗೆ ರಿಯಾಕ್ಟ್ ಯಾಕೆ ಮಾರಾಯ್ರೇ? ಜೆಕ್ವೆರಿ ಲೈಬ್ರರಿ ಸಾಕು.

ಗೋಣಿಕೊಪ್ಪ: 2006ರದ್ದು ಅದು. ಇನ್ನೂ ಎಷ್ಟು ದಿನ ಹೊರುತ್ತೀರಿ?

ಕುಶಾಲನಗರ: ನಿಮ್ಮ ರಿಯಾಕ್ಟ್ 2013ರದ್ದು, ಅದೇನು ನಿನ್ನೆ ಹುಟ್ಟಿತಾ? ರಿಯಾಕ್ಟ್‌ನಲ್ಲೂ ಯೂಸ್‌ಎಫೆಕ್ಟ್ (ಪುಟ ಚಿತ್ರಿಸಿದ ಮೇಲೆ ಓಡುವ ಕೋಡ್) ಒಳಗೆ ಲಿಸನರ್ ಹಾಕಿ ತೆಗೆಯದಿದ್ದರೆ ಇದೇ ಗೋಳು.

ಗೋಣಿಕೊಪ್ಪ: ತೆಗೆಯಲು ಬಾರದವರಿಗೆ.

ಕುಶಾಲನಗರ: ಯಾರಿಗೆ ಹೇಳ್ತಿದ್ದೀರಿ?

ಸುಂಟಿಕೊಪ್ಪ: ಸ್ಲೈಡರ್ ಬಗ್ಗೆ ಯಾರಾದರೂ...

ಪೊನ್ನಂಪೇಟೆ: ಮೇಡಂ, ಮಾಡ್ಯೂಲ್ ಹಾಕಿದ ಮೇಲೆ ಆನ್‌ಕ್ಲಿಕ್ ನಡೆಯುತ್ತಿಲ್ಲ.

ಮಡಿಕೇರಿ ಡೆವಲಪರ್: ಮೇಲೆ ಓದಿ.

ಪೊನ್ನಂಪೇಟೆ: ಓದಿದೆ. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಮಾಡ್ಯೂಲೇ ಲೋಡ್ ಆಗುತ್ತಿಲ್ಲ.

ಮಡಿಕೇರಿ ಡೆವಲಪರ್: ಅದನ್ನು ಮೊದಲೇ ಹೇಳಬೇಕಿತ್ತು. ನಿಮ್ಮ ಕಂಪ್ಯೂಟರಿನಲ್ಲೇ ಪುಟ ಕೊಡುವ ಲೋಕಲ್ ಸರ್ವರ್ ಬೇಕು. ಇಬ್ಬರು ಜಗಳಗಂಟರೂ ಖಾಸಗಿಯಾಗಿ ಮಾತಾಡಿಕೊಳ್ಳಿ. ವಿರಾಜಪೇಟೆಯವರೇ, ಸರ್ವರ್ ಚೆಕ್ ಇದೆಯಾ ಅಂತ ಕೇಳಿದ್ದೆ.

ವಿರಾಜಪೇಟೆ ಹೋಂಸ್ಟೇ: ಲಿಸನರ್ ಸರಿಯಾಯ್ತು ಅಕ್ಕ, ಈಗ ಒಂದೇ ಬುಕಿಂಗ್. ಸರ್ವರ್ ಚೆಕ್ ಅಂದರೆ ಏನು?