ಮಾಸ್ತರರು ಕೊಟ್ಟ ಹುಟ್ಟುಹಬ್ಬ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತಾರು ಮಂದಿ ಇದ್ದೇವೆ. ಮೂಲ ಊರು ಇಂಡಿ ತಾಲ್ಲೂಕು, ಈಗ ಹೆಚ್ಚಿನವರು ಪುಣೆಯವರು. ಅರವತ್ತು ದಾಟಿದ ಏಳು ಮಂದಿಯಲ್ಲಿ ಐವರ ಜನ್ಮದಿನಾಂಕ ಜೂನ್ 1. ಹೀಗಾಗಿ ಮಾಮಾ ದಿನವೂ ಕಳಿಸುವ ‘ಇತಿಹಾಸದಲ್ಲಿ ಈ ದಿನ’ವನ್ನು ವರ್ಷಕ್ಕೆ ಒಂದು ದಿನವಾದರೂ ಎಲ್ಲರೂ ಓದುತ್ತಾರೆ. ಈ ಸಲ ಸ್ವಲ್ಪ ಹೆಚ್ಚೇ ಓದಿದರು. ಗುಂಪಿನ ಅಡ್ಮಿನ್ ನಾನು. ಹೂಗುಚ್ಛ, ಕೈಮುಗಿಯುವ ಚಿತ್ರಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಇಳಿಸಿದ್ದೇನೆ.

ಮಾಮಾ (ಬೆಳಿಗ್ಗೆ 5:42): ಇತಿಹಾಸದಲ್ಲಿ ಈ ದಿನ, ಜೂನ್ 1. ವಿಶ್ವ ಹಾಲು ದಿನ. 1674: ಶಿವಾಜಿ ಮಹಾರಾಜರ ಪಟ್ಟಾಭಿಷೇಕ. 1926: ಮರ್ಲಿನ್ ಮನ್ರೋ ಜನನ. 1929: ನರ್ಗಿಸ್ ಜನನ. 1930: ಡೆಕ್ಕನ್ ಕ್ವೀನ್ ರೈಲಿನ ಮೊದಲ ಓಟ. 1948: ಪುಣೆ–ಅಹಮದ್‌ನಗರ ನಡುವೆ ಮೊದಲ ಎಸ್‌ಟಿ (ಸರ್ಕಾರಿ ಸಾರಿಗೆ) ಬಸ್. 1955: ನನ್ನ ಮೈದುನನ ಜನನ, ಇಂದು ಎಪ್ಪತ್ತು ತುಂಬಿತು! ಹತ್ತು ಜನರಿಗೆ ಕಳಿಸಿ.

(1955ರ ಸಾಲು ಮಾಮಾ ತಾವಾಗಿ ಸೇರಿಸಿದ್ದು. ಮೈದುನ ಎಂದರೆ ನಮ್ಮ ಕಾಕಾ; ತಂಗಿ ಅವರ ಮಗಳು.)

ತಂಗಿ: ಮಾಮಾ, ಪಟ್ಟಾಭಿಷೇಕ ಜೂನ್ 6ರಂದು ಆದದ್ದು, 1ರಂದು ಅಲ್ಲ.

ಮಾಮಾ: ಮುನ್ನೂರೈವತ್ತು ವರ್ಷಗಳ ಹಿಂದಿನ ಮಾತು. ಐದು ದಿನ ಯಾವ ಲೆಕ್ಕ?

ತಂಗಿ: ಪಿಂಚಣಿ ಐದು ದಿನ ತಡವಾಗಲಿ, ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ನೀವು ಅಲ್ಲಿ ಇರುತ್ತೀರಿ.

ಅತ್ತೆ: ಸರಿಯಾಗಿ ಹೇಳಿದೆ.

(ಅತ್ತೆ, ಮಾಮಾ ಒಂದೇ ಸೋಫಾದ ಎರಡು ತುದಿಗೆ ಕುಳಿತು ಹೀಗೆ ಬರೆಯುತ್ತಾರೆ.)

ಮಾಮಾ: ತಿಥಿಯಂತೆ ನೋಡಿದರೆ ದಿನ ಪ್ರತಿ ವರ್ಷವೂ ಬೇರೆ ಬರುತ್ತದೆ. ರಾಯಗಡದಲ್ಲಿ ಎರಡೆರಡು ಸಲ ಆಚರಿಸುವುದಿಲ್ಲವೇ?

ತಂಗಿ: ಆಚರಿಸುತ್ತಾರೆ. ಒಂದು ಜ್ಯೇಷ್ಠ ಶುದ್ಧ ತ್ರಯೋದಶಿಗೆ, ಇನ್ನೊಂದು ಜೂನ್ 6ಕ್ಕೆ. ನಿಮ್ಮ ಜೂನ್ 1 ಎರಡರಲ್ಲಿಯೂ ಇಲ್ಲ. ಆ ಜೂನ್ 6 ಕೂಡ ನಿಮ್ಮ ಗೋಡೆಯ ಕ್ಯಾಲೆಂಡರಿನ ಜೂನ್ 6 ಅಲ್ಲ. ಪಟ್ಟಾಭಿಷೇಕಕ್ಕೆ ಬಂದಿದ್ದ ಇಂಗ್ಲಿಷ್ ಕಂಪನಿಯ ಹೆನ್ರಿ ಆಕ್ಸೆಂಡೆನ್ ಬರೆಯುತ್ತಿದ್ದದ್ದು ಹಳೆಯ ಜೂಲಿಯನ್ ಲೆಕ್ಕದಲ್ಲಿ. ಬ್ರಿಟಿಷರು ಅದನ್ನು ಬಿಟ್ಟದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು ಬೆಳಿಗ್ಗೆ ಏಳುವಾಗ ತಾರೀಖು 14 ಆಗಿತ್ತು. ಈಗಿನ ಲೆಕ್ಕಕ್ಕೆ ತರಬೇಕೆಂದರೆ 1674ಕ್ಕೆ ಹತ್ತು ದಿನ ಕೂಡಿಸಬೇಕು: ಜೂನ್ 16. ಸಿಂಹಗಡದ ಕಾಳಗ ಫೆಬ್ರವರಿ 4, 1670 ಎನ್ನುತ್ತೇವಲ್ಲ, ಅದಕ್ಕೂ ಇದೇ ಲೆಕ್ಕ.

ಮಾಮಾ: ಹಾಗಾದರೆ ಜಾರಿದ್ದು ಇಂಗ್ಲಿಷರ ತಾರೀಖು. ನಮ್ಮ ತ್ರಯೋದಶಿ ಇದ್ದಲ್ಲಿಯೇ ಇದೆ. ನೀನೇ ಒಪ್ಪಿಕೊಂಡೆ.

(ತಂಗಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಇದಾದ ಮೇಲೆ ಅರ್ಧ ಗಂಟೆ ಸುಮ್ಮನಿದ್ದಳು. ನನ್ನನ್ನು ಕೇಳಿದರೆ ಈ ಸುತ್ತು ಮಾಮಾನದೇ.)

ಕಾರವಾರದ ಮೌಶಿ: ಪಟ್ಟಿ ಮಾಡಿದವನಿಗೆ ಹಾಲಿವುಡ್ ಗೊತ್ತು, ಕಾರವಾರ ಗೊತ್ತಿಲ್ಲ. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್ ಹುಟ್ಟಿದ್ದೂ ಜೂನ್ 1ರಂದೇ, 1842ರಲ್ಲಿ. ನಮ್ಮಲ್ಲಿ ನ್ಯಾಯಾಧೀಶರಾಗಿದ್ದವರು. ತಮ್ಮ ರವೀಂದ್ರನಾಥರು ಅವರ ಮನೆಗೆ ಬಂದು ಉಳಿದದ್ದಕ್ಕೇ ನಮ್ಮ ಕಡಲತೀರಕ್ಕೆ ಟ್ಯಾಗೋರ್ ಹೆಸರು.

ಮಾಮಾ: ಮುಂದಿನ ವರ್ಷ ಸೇರಿಸುತ್ತೇನೆ.

ಕಾಕಾ (8:10): ಶುಭಾಶಯಗಳನ್ನೆಲ್ಲ ಹಿಂದಿರುಗಿಸುತ್ತಿದ್ದೇನೆ. ಪಟ್ಟಾಭಿಷೇಕದ ತಪ್ಪು ಸಿಕ್ಕಿತು, ನನ್ನ ಹೆಸರಿನ ಮುಂದಿನ ತಪ್ಪು ಯಾರಿಗೂ ಕಾಣಲಿಲ್ಲ. ಇದು ನನ್ನ ಹುಟ್ಟುಹಬ್ಬವಲ್ಲ, ಮಾಸ್ತರರದ್ದು.

ನಾನು: ಕಾಕಾ, ಆಧಾರ್ ಕಾರ್ಡಿನಲ್ಲಿಯೂ ಇದೇ ಇದೆಯಲ್ಲ?

ಕಾಕಾ: ಆಧಾರ್‌ಗೆ ಆಧಾರ ಪ್ಯಾನ್, ಪ್ಯಾನ್‌ಗೆ ಆಧಾರ ಶಾಲೆಯ ದಾಖಲೆ, ಶಾಲೆಯ ದಾಖಲೆಗೆ ಆಧಾರ ನನ್ನ ಕಿವಿ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಹುಟ್ಟಿದ ದಿನ ಕೇಳಿದರೆ ಅವರಿಗೆ ಗೊತ್ತಿಲ್ಲ. ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಕೈ ಉದ್ದ, ಮುಟ್ಟಿತು. ಆರು ವರ್ಷ ತುಂಬಿದೆ ಎಂದು 1-6-1955 ಬರೆದುಕೊಂಡರು. ಆ ದಿನ ಸಾಲಿನಲ್ಲಿ ನಿಂತಿದ್ದ ಹುಡುಗರೆಲ್ಲ ಜೂನ್ ಒಂದಕ್ಕೇ ಹುಟ್ಟಿದರು.

ಮಾಮಾ: ಬರೆದರೆ ಬರೆದರು. ಅದರಿಂದ ನಷ್ಟವೇನು?

ಕಾಕಾ: ಹದಿನೈದು ತಿಂಗಳ ಸಂಬಳ, ಭಾವ. ಒಂದನೆಯ ತಾರೀಖಿಗೆ ಹುಟ್ಟಿದ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತ. ಐವತ್ತೆಂಟರ ಲೆಕ್ಕಕ್ಕೆ 2013ರ ಮೇ 31ರಂದು ಹಾರ, ಶಾಲು, ತೆಂಗಿನಕಾಯಿ ಕೊಟ್ಟು ಕಳಿಸಿದರು. ಅದೇ ಸಭೆಯಲ್ಲಿ ನನ್ನ ಜೊತೆ ಇನ್ನೂ ಮೂವರು, ಎಲ್ಲರೂ ಜೂನ್ ಒಂದರವರೇ. ನಾನು ಹುಟ್ಟಿದ್ದು 1956ರ ಶ್ರಾವಣದಲ್ಲಿ. 2014ರ ಆಗಸ್ಟ್ ಮುಗಿಯುವವರೆಗೆ ಕುರ್ಚಿ ನನ್ನದೇ ಆಗಬೇಕಿತ್ತು.

ಕಾಕು: ಬೆಳಗಿನಿಂದ ಚಹಾ ಎರಡು ಸಲ ಆರಿದೆ. ಸಿಟ್ಟು ಮಾತ್ರ ಹನ್ನೆರಡು ವರ್ಷವಾದರೂ ಆರಿಲ್ಲ.

ಮಾಮಾ: ಶ್ರಾವಣ ಎನ್ನುವುದಕ್ಕೆ ಸಾಕ್ಷಿ ಏನು? ಮಗಳು ಐದು ದಿನಕ್ಕೆ ನನ್ನನ್ನು ಹಿಡಿದು ಜಾಡಿಸಿದಳು, ಅಪ್ಪನಿಗೆ ಹದಿನೈದು ತಿಂಗಳು ಮಾಫಿಯೇ?

ಅತ್ತೆ: ನಾನು ಸಾಕ್ಷಿ. ಪಂಚಮಿಯ ಮರುದಿನ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಕುಳಿತಿದ್ದೆ; ನನ್ನ ಪಾಳಿ ಬಂದು ಇನ್ನೂ ಹತ್ತು ಜೀಕು ಆಗಿರಲಿಲ್ಲ. ಅವ್ವನಿಗೆ ನೋವು ಬಂದಿದೆ, ಸೂಲಗಿತ್ತಿಯನ್ನು ಕರೆದುಕೊಂಡು ಬಾ ಎಂದು ನನ್ನನ್ನು ಇಳಿಸಿ ಓಡಿಸಿದರು. ತಿರುಗಿ ಬರುವಷ್ಟರಲ್ಲಿ ಜೋಕಾಲಿ ಬೇರೆಯವರ ಪಾಲಾಗಿತ್ತು. ಡಬ್ಬಿಯಲ್ಲಿದ್ದ ಉಂಡಿಯೂ ಮುಗಿದಿತ್ತು. ಆ ವರ್ಷವೇ ದೀಪಾವಳಿಯ ಹೊತ್ತಿಗೆ ರಾಜ್ಯ ಒಂದಾಯಿತು. ನಮ್ಮ ಬಿಜಾಪುರ ಜಿಲ್ಲೆ ಮುಂಬೈ ರಾಜ್ಯದಿಂದ ಈ ಕಡೆ ಬಂದಾಗ ತಮ್ಮ ತೊಟ್ಟಿಲಿನಲ್ಲಿದ್ದ.

ತಂಗಿ: ನವೆಂಬರ್ 1, 1956. ಶ್ರಾವಣಕ್ಕೂ ದೀಪಾವಳಿಗೂ ಮೂರು ತಿಂಗಳ ಅಂತರ, ಮಗು ತೊಟ್ಟಿಲಿನಲ್ಲಿಯೇ ಇರಬೇಕು. ಆ ವರ್ಷದ ಪಂಚಮಿ ಆಗಸ್ಟ್ ಎರಡನೆಯ ವಾರಕ್ಕೆ ಬರುತ್ತದೆ. ಅತ್ತೆಯ ಸಾಕ್ಷಿ ಆಕ್ಸೆಂಡೆನ್ ಸಾಹೇಬನಿಗಿಂತ ಗಟ್ಟಿ.

ಮಾಮಾ: ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?

ಅತ್ತೆ: ನೀವು ಫಾರ್ವರ್ಡ್ ಆಗಿ ಬಂದದ್ದನ್ನು ಮಾತ್ರ ನಂಬುತ್ತೀರಿ.

ಕಾಕಾ: ಡೆಕ್ಕನ್ ಕ್ವೀನ್‌ಗೆ ಜೂನ್ 1ಕ್ಕೆ ಪುಣೆ ನಿಲ್ದಾಣದಲ್ಲಿ ಕೇಕ್ ಕತ್ತರಿಸುತ್ತಾರೆ. ಕತ್ತರಿಸಲಿ, ಅದು ಅಂದೇ ಹೊರಟದ್ದು, ರೈಲ್ವೆಯ ದಾಖಲೆಯಿದೆ. ಆ ಗಾಡಿಗೆ ಮೂರನೆಯ ದರ್ಜೆಯ ಡಬ್ಬಿ ಸೇರಿಸಿದ್ದು 1955ರ ಜೂನ್‌ನಲ್ಲಿ. ಕಾಗದದ ಪ್ರಕಾರ ನಾನೂ ಮೂರನೆಯ ದರ್ಜೆಯೂ ಒಂದೇ ತಿಂಗಳಿನವರು. ಇದನ್ನು ಬೇಕಾದರೆ ಪಟ್ಟಿಗೆ ಸೇರಿಸಿ, ಭಾವ.

ಮಾಮಾ: ಈ ಸಂದೇಶವನ್ನು ಅಳಿಸಲಾಗಿದೆ.

(ಏನು ಬರೆದಿದ್ದರೋ, ಅತ್ತೆ ಪಕ್ಕದಲ್ಲಿಯೇ ಇದ್ದರು.)

ತಂಗಿ: ಅಪ್ಪಾ, ಕೇಕಿಗೆ ಮುಂಗಡ ಕೊಟ್ಟಾಗಿದೆ. ಏನು ಬರೆಸಲಿ?

ಕಾಕಾ: ರದ್ದು ಮಾಡು. ಪಂಚಮಿಯ ಮರುದಿನ ಅಕ್ಕ ಉಂಡಿ ಕಟ್ಟುತ್ತಾಳೆ, ಅಷ್ಟು ಸಾಕು.

ಅತ್ತೆ: ಅವತ್ತು ನನ್ನ ಪಾಲಿನದು ಹೋಯಿತು. ಮೊದಲು ನೀನು ಕಟ್ಟಿಸಿ ತಂದುಕೊಡು.

ನಾನು: ಕಾಕಾ, ಒಂದು ಮಾತು. ಎಂಬತ್ತು ತುಂಬಿದವರಿಗೆ ಪಿಂಚಣಿ ಹೆಚ್ಚಾಗುತ್ತದೆ. ಅಲ್ಲಿ ಲೆಕ್ಕಕ್ಕೆ ಹಿಡಿಯುವುದೂ ಮಾಸ್ತರರ ತಾರೀಖನ್ನೇ. ನಿಮ್ಮ ಶ್ರಾವಣಕ್ಕಿಂತ ಹದಿನಾಲ್ಕು ತಿಂಗಳು ಮೊದಲೇ ಸಿಗುತ್ತದೆ.

(ಕಾಕಾ ಟೈಪ್ ಮಾಡುತ್ತಿದ್ದಾರೆ ಎಂದು ಬಂತು. ನಿಂತಿತು. ಮತ್ತೆ ಬಂತು.)

ಕಾಕಾ (9:26): 2035ರ ಜೂನ್ 1ಕ್ಕೆ ಕೇಕ್ ತನ್ನಿ. ದೊಡ್ಡದು.